ಬಾಲ್ಯದ ಕಷ್ಟ ಮತ್ತು ಮುಪ್ಪಿನ ಮಿದುಳು

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ಖಾಡಿಯ ಆಚೆಗಿನ ನವಿಮುಂಬಯಿಗಳಲ್ಲಿ ಇಂದು ಎಪ್ಪತ್ತು ದಾಟಿರುವ ಕನ್ನಡಿಗರ ಪೈಕಿ ಅನೇಕರ ಬಾಲ್ಯ ಹೆಚ್ಚುಕಡಿಮೆ ಒಂದೇ ಬಗೆಯದು. ಉಡುಪಿ, ಕುಂದಾಪುರ, ಕಾರ್ಕಳ, ಮಂಗಳೂರು, ಕಾಸರಗೋಡುಗಳ ಹಳ್ಳಿಗಳಲ್ಲಿ ಐದನೆಯದೋ ಏಳನೆಯದೋ ತರಗತಿಗೆ ಓದು ನಿಲ್ಲಿಸಿ, ಊರಿನ ಪರಿಚಯದವರೊಬ್ಬರ ಜೊತೆಯಲ್ಲಿ ಅವರು ಮುಂಬಯಿಗೆ ಬಂದರು. ಕೊಂಕಣ ರೈಲು ಮಾರ್ಗ ಪೂರ್ಣಗೊಂಡದ್ದು 1998ರಲ್ಲಿ. ಅದಕ್ಕೆ ಮೊದಲು ಈ ಪ್ರಯಾಣ ಹಡಗಿನಲ್ಲಿ, ಆನಂತರ ಬಸ್ಸಿನಲ್ಲಿ ನಡೆಯುತ್ತಿತ್ತು. ಹತ್ತು–ಹನ್ನೆರಡು ವರ್ಷದ ಹುಡುಗನಿಗೆ ಹೋಟೆಲಿನ ಮೋರಿಯಲ್ಲಿ ಕಪ್ಪು-ಬಸಿ ತೊಳೆಯುವುದು, ಮೇಜು ಒರೆಸುವುದು ಮೊದಲ ಕೆಲಸ. ಮಲಗಲು ಮುಚ್ಚಿದ ಹೋಟೆಲಿನ ಮೇಜೇ ಆಸರೆ. ತಾಯಿಯ ಮುಖ ಕಾಣುವುದು ಎರಡು ಮೂರು ವರ್ಷಗಳಿಗೊಮ್ಮೆ.

ಇವರಲ್ಲಿ ಕೆಲವರು ವೇಟರ್ ಆದರು, ಗಲ್ಲೆಯಲ್ಲಿ ಕುಳಿತರು, ಮುಂದೆ ಸ್ವಂತ ಹೋಟೆಲನ್ನೂ ಮಾಡಿದರು. ನಗರದೊಳಗೆ ಮನೆ ಕೊಳ್ಳಲಾರದವರು ಮಧ್ಯ ರೈಲ್ವೆಯ ದಾರಿಯಲ್ಲಿ ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳಲ್ಲಿ ಚಿಕ್ಕ ಮನೆ ಮಾಡಿ ಸಂಸಾರ ಹೂಡಿದರು. ಅವರ ಏಳಿಗೆಯ ಕಥೆಯನ್ನು ನಮ್ಮ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಹೆಮ್ಮೆ ನ್ಯಾಯವಾದದ್ದೇ. ಆದರೆ ಎಳೆಯ ವಯಸ್ಸಿನ ಆ ವರ್ಷಗಳು ದೇಹದೊಳಗೆ ಏನು ಮಾಡಿದವು ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ಈಗ ಅದೇ ಹಿರಿಯರು ಹೆಸರು ಮರೆಯುತ್ತಿದ್ದಾರೆ, ದಾರಿ ತಪ್ಪುತ್ತಿದ್ದಾರೆ, ಕಾರಣವಿಲ್ಲದೆ ಬೆಚ್ಚುತ್ತಿದ್ದಾರೆ. ಮನೆಯವರು ‘ಅರವತ್ತರ ಅರಳುಮರಳು’ ಎಂದು ಸುಮ್ಮನಾಗುತ್ತಾರೆ.

ಬಾಲ್ಯದ ಸಂಕಷ್ಟಕ್ಕೂ ಮುಪ್ಪಿನ ಮಿದುಳಿನ ರಚನೆಗೂ ಸಂಬಂಧವಿದೆಯೇ? ಇದ್ದರೆ ಅದು ಎಷ್ಟರಮಟ್ಟಿನದು? ಕಳೆದ ಮೂರು ದಶಕಗಳಲ್ಲಿ ವಿಜ್ಞಾನಿಗಳು ಈ ಪ್ರಶ್ನೆಗಳಿಗೆ ಕಂಡುಕೊಂಡಿರುವ ಉತ್ತರವನ್ನು ಇಲ್ಲಿ ವಿವರಿಸಲಾಗಿದೆ.

ಮಿದುಳು ಬೆಳೆಯುವ ಬಗೆ

ಹುಟ್ಟಿದ ಮಗುವಿನ ಮಿದುಳು ಸುಮಾರು 350ರಿಂದ 400 ಗ್ರಾಂ ತೂಗುತ್ತದೆ. ವಯಸ್ಕನ ಮಿದುಳಿನ ತೂಕ ಸುಮಾರು 1,300ರಿಂದ 1,400 ಗ್ರಾಂ. ಈ ಬೆಳವಣಿಗೆಯ ಬಹುಭಾಗ ಮೊದಲ ಐದಾರು ವರ್ಷಗಳಲ್ಲೇ ಮುಗಿಯುತ್ತದೆ. ಗಾತ್ರದ ಬೆಳವಣಿಗೆ ಮುಗಿದರೂ ಒಳಗಿನ ಜೋಡಣೆ ಮುಗಿಯುವುದಿಲ್ಲ. ನರಕೋಶಗಳ ನಡುವೆ ಬೇಕಾದುದಕ್ಕಿಂತ ಹೆಚ್ಚು ಸಂಪರ್ಕಗಳು ಮೊದಲು ಹುಟ್ಟಿಕೊಳ್ಳುತ್ತವೆ. ಬಳಕೆಯಾಗುವಂಥವು ಉಳಿದು ಬಲಗೊಳ್ಳುತ್ತವೆ, ಬಳಕೆಯಾಗದವು ಉದುರುತ್ತವೆ. ಹಣೆಯ ಹಿಂಭಾಗದಲ್ಲಿರುವ, ಆಲೋಚನೆ ಮತ್ತು ಸಂಯಮಗಳಿಗೆ ಸಂಬಂಧಿಸಿದ ಮುಂಭಾಗದ ಮಿದುಳು ಮಾಗಲು ಇಪ್ಪತ್ತೈದರ ಸುಮಾರಿನ ವಯಸ್ಸು ಬೇಕು. ಆದುದರಿಂದ ಮಗು ಯಾವ ಪರಿಸರದಲ್ಲಿ ಬೆಳೆಯುತ್ತದೆಯೋ ಆ ಪರಿಸರಕ್ಕೆ ತಕ್ಕಂತೆ ಮಿದುಳು ತನ್ನನ್ನು ಹೊಂದಿಸಿಕೊಳ್ಳುತ್ತದೆ. ಇದು ದೋಷವಲ್ಲ, ಬದುಕಿ ಉಳಿಯಲು ನಿಸರ್ಗ ಕಂಡುಕೊಂಡ ಉಪಾಯ. ಅಪಾಯ ತುಂಬಿದ ಪರಿಸರದಲ್ಲಿ ಬೆಳೆದವನಿಗೆ ಸದಾ ಎಚ್ಚರವಾಗಿರುವ ಮಿದುಳೇ ಆಗ ಉಪಯುಕ್ತ. ಆ ಎಚ್ಚರದ ಬೆಲೆಯನ್ನು ತೆರಬೇಕಾಗಿ ಬರುವುದು ಬಹಳ ಕಾಲದ ಮೇಲೆ.

ನಮ್ಮ ವಿಷಯಕ್ಕೆ ಮುಖ್ಯವಾದ ಎರಡು ಭಾಗಗಳು ಮಿದುಳಿನ ಒಳಬದಿಯಲ್ಲಿ, ಕಿವಿಗಳ ನೇರಕ್ಕೆ ಇವೆ. ಒಂದು ಹಿಪ್ಪೊಕ್ಯಾಂಪಸ್. ಎಡಬಲಗಳಲ್ಲಿ ಒಂದೊಂದಾಗಿರುವ ಇದು ಕಿರುಬೆರಳಿಗಿಂತ ದೊಡ್ಡದಲ್ಲ. ಇಂದು ನಡೆದುದನ್ನು ನಾಳೆಗೆ ನೆನಪಾಗಿ ಉಳಿಸುವುದು, ಬಂದ ದಾರಿಯ ಗುರುತು ಇಟ್ಟುಕೊಳ್ಳುವುದು ಇದರ ಕೆಲಸ. ಮರೆವಿನ ಕಾಯಿಲೆಗಳಲ್ಲಿ ಪ್ರಮುಖವಾದ ಆಲ್ಜೈಮರ್ ಕಾಯಿಲೆಯಲ್ಲಿ ಮೊದಮೊದಲು ಸವೆಯುವ ಭಾಗಗಳಲ್ಲಿ ಇದೂ ಒಂದು. ಎರಡನೆಯದು ಅದರ ಮುಂತುದಿಯಲ್ಲಿರುವ, ಬಾದಾಮಿಯ ಆಕಾರದ ಅಮಿಗ್ಡಲ. ಭಯವನ್ನು ಗುರುತಿಸಿ ದೇಹಕ್ಕೆ ಎಚ್ಚರಿಕೆ ಕೊಡುವುದು ಇದರ ಹೊಣೆ.

ಒತ್ತಡ ಮಾಡುವ ಕೆಲಸ

ಭಯವಾದಾಗ ಮಿದುಳಿನ ಆದೇಶದಂತೆ ಮೂತ್ರಪಿಂಡಗಳ ಮೇಲಿರುವ ಅಡ್ರೀನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸದೂತವನ್ನು ರಕ್ತಕ್ಕೆ ಬಿಡುತ್ತವೆ. ಅದು ಸಕ್ಕರೆಯ ಅಂಶವನ್ನು ಹೆಚ್ಚಿಸಿ ದೇಹವನ್ನು ಓಡಲು ಅಥವಾ ಹೋರಾಡಲು ಸಿದ್ಧಪಡಿಸುತ್ತದೆ. ಅಪಾಯ ಕಳೆದ ಮೇಲೆ ಇನ್ನು ಸಾಕು ಎಂದು ತಡೆಯುವ ಕೆಲಸದಲ್ಲಿ ಹಿಪ್ಪೊಕ್ಯಾಂಪಸ್‌ಗೆ ದೊಡ್ಡ ಪಾಲಿದೆ. ಕಾರ್ಟಿಸಾಲನ್ನು ಗ್ರಹಿಸುವ ಕೇಂದ್ರಗಳು ಅದರಲ್ಲಿ ಹೇರಳವಾಗಿವೆ. ತೊಡಕು ಇರುವುದೂ ಅಲ್ಲಿಯೇ. ಒತ್ತಡ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಂದುವರಿದರೆ ಕಾರ್ಟಿಸಾಲ್ ಅದೇ ಹಿಪ್ಪೊಕ್ಯಾಂಪಸ್ಸಿನ ನರಕೋಶಗಳನ್ನು ಬಳಲಿಸುತ್ತದೆ, ತಡೆ ಸಡಿಲವಾಗುತ್ತದೆ, ತಡೆ ಸಡಿಲವಾದಷ್ಟೂ ಕಾರ್ಟಿಸಾಲ್ ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುತ್ತದೆ.

ಈ ವಿಷಯದಲ್ಲಿ ಬೆಂಗಳೂರಿನಲ್ಲಿ ನಡೆದ ಕೆಲಸ ಜಗತ್ತಿನ ಗಮನ ಸೆಳೆದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಹಾಗೂ ನಿಮ್ಹಾನ್ಸ್ ಸಂಸ್ಥೆಯ ಬಿ. ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ ಕೆಲವು ಹೊತ್ತು ಅಲುಗಾಡದಂತೆ ಹಿಡಿದಿಟ್ಟು, ಅವುಗಳ ನರಕೋಶಗಳನ್ನು ಪರೀಕ್ಷಿಸಿದರು. 2002ರಲ್ಲಿ ಪ್ರಕಟವಾದ ಅವರ ವರದಿಯಂತೆ ದೀರ್ಘ ಒತ್ತಡಕ್ಕೆ ಸಿಕ್ಕ ಇಲಿಗಳ ಹಿಪ್ಪೊಕ್ಯಾಂಪಸ್ಸಿನಲ್ಲಿ ನರಕೋಶದ ಕವಲುಗಳು ಕುಗ್ಗಿದ್ದವು. ಅಮಿಗ್ಡಲದಲ್ಲಿ ಅದಕ್ಕೆ ತದ್ವಿರುದ್ಧವಾಗಿ ಕವಲುಗಳು ಬೆಳೆದು ದಟ್ಟವಾಗಿದ್ದವು. ನೆನಪಿನ ಮನೆ ಸೊರಗಿ ಭಯದ ಮನೆ ಹಬ್ಬಿತ್ತು. ಮುಂದಿನ ಪ್ರಯೋಗದಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಒತ್ತಡ ನಿಲ್ಲಿಸಿ ಮೂರು ವಾರ ನೆಮ್ಮದಿಯಿಂದ ಇರಿಸಿದರೂ ಅಮಿಗ್ಡಲದಲ್ಲಾದ ಬದಲಾವಣೆ ಅಳಿಯಲಿಲ್ಲ, ಇಲಿಗಳ ಅಂಜಿಕೆಯೂ ಹೋಗಲಿಲ್ಲ. ಇವು ಬೆಳೆದ ಇಲಿಗಳು. ಮನುಷ್ಯರ ಮಕ್ಕಳಲ್ಲ ಎಂಬುದನ್ನು ಮರೆಯಲಾಗದು. ಆದರೂ ಕಷ್ಟದ ದಿನಗಳು ಕಳೆದು ಐವತ್ತು ವರ್ಷಗಳಾದ ಮೇಲೂ ಬಾಗಿಲು ದಡಾರನೆ ಬಡಿದರೆ ನಡುಗುವ ಹಿರಿಯರನ್ನು ಕಂಡವರಿಗೆ ಈ ಫಲಿತಾಂಶ ಅಪರಿಚಿತವೆನಿಸದು.

ಎಲ್ಲ ಕಷ್ಟವೂ ಒಂದೇ ಬಗೆಯದಲ್ಲ. ಹೊಡೆತ, ಬೈಗುಳ, ಲೈಂಗಿಕ ಕಿರುಕುಳಗಳಂಥ ಬೆದರಿಕೆ ಒಂದು ಬಗೆ. ಹಸಿವು, ಶಾಲೆ ಇಲ್ಲದಿರುವುದು, ಮಾತನಾಡಿಸುವವರಿಲ್ಲದ ಒಂಟಿತನಗಳಂಥ ಕೊರತೆ ಇನ್ನೊಂದು ಬಗೆ. ಬೆದರಿಕೆ ಮುಖ್ಯವಾಗಿ ಭಯದ ವ್ಯವಸ್ಥೆಯನ್ನು ತಟ್ಟಿದರೆ, ಕೊರತೆ ಭಾಷೆ, ಆಲೋಚನೆಗಳ ಭಾಗಗಳಿಗೆ ಸಿಗಬೇಕಾದ ಪ್ರಚೋದನೆಯನ್ನು ಕಡಿಮೆ ಮಾಡುತ್ತದೆ. ಹೋಟೆಲಿಗೆ ಬಂದ ಹುಡುಗನಿಗೆ ಇವೆರಡೂ ಸ್ವಲ್ಪ ಸ್ವಲ್ಪ ಸಿಕ್ಕಿರಬಹುದು. ಊಟದ ಕೊರತೆ ಮಾತ್ರ ಅಲ್ಲಿಗೆ ಬಂದ ಮೇಲೆ ನೀಗಿತು ಎಂದು ಬಹಳ ಜನ ಹೇಳುತ್ತಾರೆ. ಊರಿನಲ್ಲಿ ಮಳೆಗಾಲದ ತಿಂಗಳುಗಳ ಗಂಜಿಯೂ ಖಚಿತವಿರಲಿಲ್ಲವಾದುದರಿಂದ ಇದನ್ನು ತಳ್ಳಿಹಾಕಲಾಗದು.

ಮುಪ್ಪಿನಲ್ಲಿ ಕಾಣುವ ಗುರುತುಗಳು

ಬಾಲ್ಯದ ಸ್ಥಿತಿಗತಿ ಅರುವತ್ತು ವರ್ಷಗಳ ಮೇಲೂ ಮಿದುಳಿನಲ್ಲಿ ಉಳಿದಿರುತ್ತದೆ ಎಂಬುದನ್ನು ತೋರಿಸುವುದು ಸುಲಭದ ಕೆಲಸವಲ್ಲ. ಮುದುಕರನ್ನು ಕೇಳಿದರೆ ಕೆಲವರು ಕಷ್ಟವನ್ನು ಮರೆತಿರುತ್ತಾರೆ, ಕೆಲವರು ಮುಚ್ಚಿಡುತ್ತಾರೆ, ಖಿನ್ನತೆಯಲ್ಲಿರುವವರಿಗೆ ಹಿಂದಿನದೆಲ್ಲವೂ ಕಪ್ಪಾಗಿಯೇ ಕಾಣುತ್ತದೆ. ಆದುದರಿಂದ ಬಾಲ್ಯದಲ್ಲೇ ಬರೆದಿಟ್ಟ ದಾಖಲೆಗಳು ಬೇಕು.

ಅಂಥ ದಾಖಲೆ ಸ್ಕಾಟ್ಲೆಂಡಿನ ಆಬರ್ಡೀನ್ ನಗರದಲ್ಲಿ ದೊರೆಯಿತು. 1936ರಲ್ಲಿ ಹುಟ್ಟಿದ ಮಕ್ಕಳೆಲ್ಲರ ಬುದ್ಧಿಶಕ್ತಿಯನ್ನು 1947ರಲ್ಲಿ, ಅವರಿಗೆ ಹನ್ನೊಂದು ವರ್ಷವಾಗಿದ್ದಾಗ, ಶಾಲೆಗಳಲ್ಲಿ ಅಳೆಯಲಾಗಿತ್ತು. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಯ ಮಿದುಳಿನ ಎಂ.ಆರ್.ಐ. ಚಿತ್ರಗಳನ್ನು ಅವರ ಅರುವತ್ತರ ಕೊನೆಯ ವರ್ಷಗಳಲ್ಲಿ ತೆಗೆಯಲಾಯಿತು. ತಂದೆಯ ಕಸುಬು, ಮನೆಯಲ್ಲಿ ಒಂದು ಕೋಣೆಗೆ ಎಷ್ಟು ಜನ ಎಂಬಂಥ ವಿವರಗಳಿಂದ ಬಾಲ್ಯದ ಸ್ಥಿತಿಯನ್ನು ಲೆಕ್ಕ ಹಾಕಲಾಯಿತು. 2012ರಲ್ಲಿ ಪ್ರಕಟವಾದ ಫಲಿತಾಂಶ ಇದು: ಬಡತನದಲ್ಲಿ ಬೆಳೆದವರ ಹಿಪ್ಪೊಕ್ಯಾಂಪಸ್ ಸರಾಸರಿಯಲ್ಲಿ ಚಿಕ್ಕದಾಗಿತ್ತು. ಹನ್ನೊಂದನೆಯ ವಯಸ್ಸಿನ ಬುದ್ಧಿಶಕ್ತಿ, ಮುಂದೆ ಪಡೆದ ಶಿಕ್ಷಣ, ದೊಡ್ಡವರಾದ ಮೇಲಿನ ಅಂತಸ್ತು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಸಂಬಂಧ ಉಳಿಯಿತು. ಮುಂದೆ ಸ್ಥಿತಿವಂತರಾದುದರಿಂದ ಹಳೆಯ ಗುರುತು ಪೂರ್ತಿ ಅಳಿದಿರಲಿಲ್ಲ ಎಂದರ್ಥ. ಒಂದೇ ಖೋಲಿಯಲ್ಲಿ ಹತ್ತು ಹನ್ನೆರಡು ಜನ ಮಲಗುತ್ತಿದ್ದ ಚಾಳುಗಳಲ್ಲಿ ಬೆಳೆದವರು ಈ ವಾಕ್ಯದ ಮುಂದೆ ಒಂದು ಕ್ಷಣ ನಿಲ್ಲಬಹುದು.

ಎರಡನೆಯ ಉದಾಹರಣೆ ಹಾಲೆಂಡಿನದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ, ಅಲ್ಲಿನ ಪಶ್ಚಿಮ ಭಾಗದ ನಗರಗಳಿಗೆ ಆಹಾರ ಬರುವುದೇ ನಿಂತುಹೋಗಿತ್ತು. ಆಗ ಗರ್ಭದಲ್ಲಿದ್ದ ಶಿಶುಗಳನ್ನು ಸುಮಾರು 68ನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಗರ್ಭದ ಆರಂಭದ ತಿಂಗಳುಗಳಲ್ಲಿ ಬರಗಾಲಕ್ಕೆ ಸಿಕ್ಕ ಪುರುಷರ ಒಟ್ಟು ಮಿದುಳಿನ ಗಾತ್ರ ಕಡಿಮೆಯಿರುವುದು ಕಂಡುಬಂತು. ಸ್ತ್ರೀಯರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ.

ಮೂರನೆಯದು ಮುಪ್ಪಿಗೆ ಸಂಬಂಧಿಸಿದ್ದಲ್ಲವಾದರೂ ಹೇಳಲೇಬೇಕಾದದ್ದು. ರುಮೇನಿಯಾದಲ್ಲಿ 1989ರಲ್ಲಿ ಸರ್ವಾಧಿಕಾರ ಕುಸಿದಾಗ ಅಲ್ಲಿನ ಅನಾಥಾಲಯಗಳ ಘೋರ ಸ್ಥಿತಿ ಹೊರಬಿತ್ತು. ಅಲ್ಲಿಂದ ಇಂಗ್ಲೆಂಡಿನ ಕುಟುಂಬಗಳು ದತ್ತು ಪಡೆದ ಮಕ್ಕಳು ಒಳ್ಳೆಯ ಮನೆಗಳಲ್ಲಿ ಬೆಳೆದರು. ಅವರು ಇಪ್ಪತ್ತಮೂರರಿಂದ ಇಪ್ಪತ್ತೆಂಟು ವರ್ಷದವರಾದಾಗ ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಮಿದುಳಿನ ಒಟ್ಟು ಗಾತ್ರ ಅಂಥ ಬಾಲ್ಯವಿಲ್ಲದ ದತ್ತು ಮಕ್ಕಳಿಗಿಂತ ಶೇಕಡಾ 8.6ರಷ್ಟು ಕಡಿಮೆಯಿತ್ತು. ಅನಾಥಾಲಯದಲ್ಲಿ ಕಳೆದ ಒಂದೊಂದು ಹೆಚ್ಚಿನ ತಿಂಗಳಿಗೂ ಸುಮಾರು ಮೂರು ಘನ ಸೆಂಟಿಮೀಟರಿನಷ್ಟು ಗಾತ್ರ ಕಡಿಮೆಯಾಗಿರುವುದು ಕಂಡುಬಂತು. ಕೊರತೆಯ ಅವಧಿ ತಿಂಗಳುಗಳಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದು ಇದರಿಂದ ಸ್ಪಷ್ಟ. ಮಗುವನ್ನು ಬೇಗ ಹೊರತಂದಷ್ಟೂ ಲಾಭ.

ನಮ್ಮಲ್ಲಿಯೂ ಇಂಥ ದಾಖಲೆಗಳು ಪೂರ್ತಿ ಇಲ್ಲವೆನ್ನುವಂತಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಆ ಶಿಶುಗಳನ್ನು ಮುಪ್ಪಿನಲ್ಲಿ ಹುಡುಕಿ, ಏಳುನೂರಕ್ಕೂ ಹೆಚ್ಚು ಜನರ ಸ್ಮರಣೆ, ಆಲೋಚನಾಶಕ್ತಿಗಳನ್ನು ಪರೀಕ್ಷಿಸುವ ಅಧ್ಯಯನ ಅಲ್ಲಿ ನಡೆದಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಗ್ರಾಮೀಣ ಹಿರಿಯರ ಮಿದುಳನ್ನು ವರ್ಷವರ್ಷವೂ ಗಮನಿಸುವ ದೊಡ್ಡ ಅಧ್ಯಯನವನ್ನು 2018ರಲ್ಲಿ ಆರಂಭಿಸಿತು. ಮುಂಬಯಿಯ ದೇವನಾರಿನಲ್ಲಿ, ವಾಶಿಯಿಂದ ಖಾಡಿ ದಾಟಿದರೆ ಸಿಗುವಷ್ಟು ಹತ್ತಿರದಲ್ಲಿ, ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯಿದೆ. ಈ ಸಂಸ್ಥೆ 2017–18ರಲ್ಲಿ ನಾಲ್ವತ್ತೈದು ವರ್ಷ ದಾಟಿದ 72,000ಕ್ಕೂ ಹೆಚ್ಚು ಭಾರತೀಯರನ್ನು ಸಂದರ್ಶಿಸಿತು. ಕೇಳಿದ ಪ್ರಶ್ನೆಗಳಲ್ಲಿ ಬಾಲ್ಯದ ಆರೋಗ್ಯ, ಬಾಲ್ಯದ ಮನೆಯ ಆರ್ಥಿಕ ಸ್ಥಿತಿಗಳೂ ಸೇರಿದ್ದವು. ಇದರೊಂದಿಗೆ ಹೊಂದಿಕೊಂಡ ಇನ್ನೊಂದು ಅಧ್ಯಯನದ ಪ್ರಕಾರ ಅರುವತ್ತು ದಾಟಿದ ಭಾರತೀಯರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆಯಿದೆ. ಸ್ತ್ರೀಯರಲ್ಲಿ, ಗ್ರಾಮೀಣರಲ್ಲಿ, ಶಾಲೆ ಕಾಣದವರಲ್ಲಿ ಈ ಪ್ರಮಾಣ ಹೆಚ್ಚು.

ಸ್ತ್ರೀಯರ ವಿಷಯದಲ್ಲಿ ಒಂದು ಮಾತು. ಮುಂಬಯಿಗೆ ಹೋದ ಹುಡುಗರ ಕಥೆ ಕೇಳಿಬರುವಷ್ಟು ಊರಿನಲ್ಲಿ ಉಳಿದ ಹುಡುಗಿಯರ ಕಥೆ ಕೇಳಿಬರುವುದಿಲ್ಲ. ತಮ್ಮ ತಂಗಿಯರನ್ನು ಎತ್ತಿಕೊಳ್ಳಲೆಂದು ಶಾಲೆ ಬಿಡಿಸಿದ, ಬೀಡಿ ಸುರುಟಲು ಕೂರಿಸಿದ ಹುಡುಗಿಯರು ಅವರು. ಮುಂದೆ ಮದುವೆಯಾಗಿ ಡೊಂಬಿವಲಿಗೋ ಕಲ್ಯಾಣಕ್ಕೋ ಬಂದರು. ಗಂಡನಿಗೆ ಹೋಟೆಲಿನ ಜನಸಂಪರ್ಕವಾದರೂ ಇತ್ತು. ಇವರಿಗೆ ಭಾಷೆ ತಿಳಿಯದ ಊರಿನ ನಾಲ್ಕು ಗೋಡೆಗಳು. ಇಂದು ಮರೆವಿನ ಕಾಯಿಲೆಯಿಂದ ಬಳಲುವ ಅಜ್ಜಿಯರ ಬಾಲ್ಯವನ್ನು ಕೇಳುವಾಗ ಇದು ನೆನಪಿರಬೇಕು.

ಸಂಬಂಧ ಬೇರೆ, ವಿಧಿ ಬೇರೆ

ಮೇಲಿನ ಅಂಕಿಗಳನ್ನು ಓದಿ ಯಾರೂ ಗಾಬರಿಗೊಳ್ಳಬೇಕಾಗಿಲ್ಲ. ಇವೆಲ್ಲವೂ ಗುಂಪಿನ ಸರಾಸರಿಗಳು. ಕಡುಕಷ್ಟದ ಬಾಲ್ಯ ಕಳೆದು ತೊಂಬತ್ತರಲ್ಲೂ ಚುರುಕಾಗಿರುವವರು ನಮ್ಮ ನಡುವೆಯೇ ಇದ್ದಾರೆ. ಸುಖದಲ್ಲಿ ಬೆಳೆದು ಅರುವತ್ತೈದಕ್ಕೆ ಮರೆವಿಗೆ ಸಿಕ್ಕವರೂ ಇದ್ದಾರೆ. ಒಬ್ಬ ವ್ಯಕ್ತಿಯ ಎಂ.ಆರ್.ಐ. ಚಿತ್ರವನ್ನು ನೋಡಿ ಆತನ ಬಾಲ್ಯವನ್ನು ಹೇಳಲು ಯಾವ ವೈದ್ಯರಿಗೂ ಸಾಧ್ಯವಿಲ್ಲ. ಎಲ್ಲ ಅಧ್ಯಯನಗಳೂ ಒಂದೇ ಉತ್ತರ ಕೊಟ್ಟಿಲ್ಲ ಎಂಬುದನ್ನೂ ಹೇಳಬೇಕು. ಕಿರುಕುಳಕ್ಕೆ ಒಳಗಾದ ಮಕ್ಕಳ ಮಿದುಳನ್ನು ಮಕ್ಕಳಾಗಿರುವಾಗಲೇ ಪರೀಕ್ಷಿಸಿದ ಅನೇಕ ಸಂದರ್ಭಗಳಲ್ಲಿ ಹಿಪ್ಪೊಕ್ಯಾಂಪಸ್ ಚಿಕ್ಕದಾಗಿರುವುದು ಕಂಡುಬಂದಿಲ್ಲ. ಅಂಥ ಬಾಲ್ಯ ಕಳೆದ ವಯಸ್ಕರಲ್ಲಿ ಕಂಡುಬಂದಿದೆ. ಅಂದರೆ ಪೆಟ್ಟು ಒಂದು ಕಾಲದ್ದು, ಗುರುತು ಮೂಡುವುದು ಇನ್ನೊಂದು ಕಾಲಕ್ಕೆ. ನಡುವಿನ ಜೀವನಕ್ಕೆ ಇದರಲ್ಲಿ ದೊಡ್ಡ ಪಾಲಿದೆ.

ಆ ಪಾಲು ಯಾವುದೆಂಬುದನ್ನು ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ಫೆಲಿಟಿ ಮತ್ತು ಆಂಡಾ ಎಂಬ ವೈದ್ಯರು ಮುಂದಾಗಿ ನಡೆಸಿದ ಅಧ್ಯಯನ 1998ರಲ್ಲಿ ತೋರಿಸಿತು. ಬಾಲ್ಯದ ಸಂಕಷ್ಟಗಳ ಸಂಖ್ಯೆ ಹೆಚ್ಚಿದಂತೆ ದೊಡ್ಡವರಾದ ಮೇಲೆ ಧೂಮಪಾನ, ಕುಡಿತ, ಖಿನ್ನತೆ, ಹೃದ್ರೋಗಗಳು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತಿದ್ದವು. ಇವೆಲ್ಲವೂ ಮಿದುಳನ್ನು ಸವೆಸುವಂಥವೇ. ಬೆಳಗಿನ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ನಿಂತೇ ದುಡಿದ ಹುಡುಗ, ನಿದ್ದೆ ತಡೆಯಲು ಬೀಡಿ ಹಚ್ಚಿದ್ದು, ನಾಲ್ವತ್ತಕ್ಕೆ ಸಕ್ಕರೆ ಕಾಯಿಲೆಗೆ, ಐವತ್ತಕ್ಕೆ ರಕ್ತದೊತ್ತಡಕ್ಕೆ ಸಿಕ್ಕಿದ್ದು ಇದೇ ಮೆಟ್ಟಿಲುಗಳ ಸಾಲು. ಇದೇ ಜನರನ್ನು ಮುಂದೆ ಗಮನಿಸಿದಾಗ, ಆರು ಅಥವಾ ಹೆಚ್ಚು ಬಗೆಯ ಸಂಕಷ್ಟ ಕಂಡವರಲ್ಲಿ ತೀರಿಕೊಂಡವರು ಸರಾಸರಿಯಲ್ಲಿ ಸುಮಾರು ಇಪ್ಪತ್ತು ವರ್ಷ ಮೊದಲೇ ತೀರಿಕೊಂಡಿದ್ದರು ಎಂದು 2009ರಲ್ಲಿ ವರದಿಯಾಯಿತು.

ಈ ಕೊನೆಯ ಅಂಕಿ ನಮ್ಮ ವಾರ್ಷಿಕೋತ್ಸವದ ಭಾಷಣಗಳಿಗೂ ಸಂಬಂಧಿಸಿದ್ದು. ಮೋರಿಯಿಂದ ಗಲ್ಲೆಗೆ ಏರಿದವರ ಹೆಸರು ನಮಗೆ ತಿಳಿದಿದೆ. ಏರದೆ ಹೋದವರ, ಊರಿಗೂ ಮರಳದೆ ನಡುವಯಸ್ಸಿನಲ್ಲೇ ಮುಗಿದವರ ಲೆಕ್ಕ ಯಾರ ಬಳಿಯೂ ಇಲ್ಲ. ಸಂಶೋಧಕರಿಗೂ ಇದೇ ತೊಡಕು. ಎಪ್ಪತ್ತನೆಯ ವಯಸ್ಸಿನಲ್ಲಿ ಎಂ.ಆರ್.ಐ. ಯಂತ್ರದವರೆಗೆ ನಡೆದು ಬರುವವರು ಗಟ್ಟಿ ಜೀವಗಳು. ಅತಿ ಹೆಚ್ಚು ನೊಂದವರು ಅಧ್ಯಯನಕ್ಕೆ ಸಿಗುವ ಮೊದಲೇ ಇಲ್ಲವಾಗಿರುತ್ತಾರೆ. ಆದುದರಿಂದ ಮುಪ್ಪಿನಲ್ಲಿ ಅಳೆದ ವ್ಯತ್ಯಾಸ ನಿಜವಾದುದಕ್ಕಿಂತ ಕಡಿಮೆಯಿರುವ ಸಾಧ್ಯತೆಯೇ ಹೆಚ್ಚು. ‘ನಾವೆಲ್ಲ ಹಾಗೆಯೇ ಬೆಳೆದೆವು, ನಮಗೇನಾಯಿತು’ ಎಂಬ ಮಾತಿನಲ್ಲಿರುವ ಹುಳುಕೂ ಇದೇ.

ರಾತ್ರಿ ಶಾಲೆ, ನಾಲ್ಕು ಭಾಷೆ

ಹಾಗಾದರೆ ಗಟ್ಟಿಯಾಗಿ ಉಳಿದವರನ್ನು ಉಳಿಸಿದ್ದು ಯಾವುದು? ಹಿಪ್ಪೊಕ್ಯಾಂಪಸ್ ಚಿಕ್ಕದಾಗಿದ್ದರೂ ಕೆಲಸ ಕೆಡದೆ ನಡೆಯುವುದುಂಟು. ಓದು, ಕುಶಲ ಕೆಲಸ, ಜನಸಂಪರ್ಕಗಳಿಂದ ಮಿದುಳು ಒಂದು ಬಗೆಯ ಮೀಸಲು ಬಲವನ್ನು ಕೂಡಿಟ್ಟುಕೊಳ್ಳುತ್ತದೆ ಎಂದೂ, ಒಂದು ದಾರಿ ಮುಚ್ಚಿದಾಗ ಇನ್ನೊಂದು ದಾರಿಯಿಂದ ಕೆಲಸ ಸಾಗಿಸಲು ಅದು ನೆರವಾಗುತ್ತದೆ ಎಂದೂ ತಜ್ಞರು ಹೇಳುತ್ತಾರೆ.

ಮುಂಬಯಿಯ ಕನ್ನಡಿಗರು ಕಟ್ಟಿದ ರಾತ್ರಿ ಶಾಲೆಗಳನ್ನು ಈ ದೃಷ್ಟಿಯಿಂದ ನೋಡಬೇಕು. ಕೋಟೆ ಪ್ರದೇಶದ ಮೊಗವೀರ ರಾತ್ರಿ ಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ ಮೊದಲಾದುವು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಹುಡುಗರಿಗಾಗಿ ತೆರೆದಂಥವು. ಸಂಜೆಯ ಎರಡು ಮೂರು ಗಂಟೆಗಳ ಬಿಡುವಿನಲ್ಲಿ, ಒದ್ದೆ ಕೈ ಒರೆಸಿಕೊಂಡು, ಹುಡುಗರು ಅಲ್ಲಿಗೆ ಓಡುತ್ತಿದ್ದರು. ಅಕ್ಷರದ ಜೊತೆಗೆ ಅಲ್ಲಿ ಸಿಗುತ್ತಿದ್ದುದು ತನ್ನ ಹೆಸರು ಹಿಡಿದು ಕರೆಯುವ, ಎರಡು ದಿನ ಕಾಣದಿದ್ದರೆ ವಿಚಾರಿಸುವ ಮಾಸ್ತರರು. ಕಷ್ಟದಲ್ಲಿರುವ ಮಗುವಿಗೆ ನೆಚ್ಚಬಹುದಾದ ಒಬ್ಬ ಹಿರಿಯರಾದರೂ ಇದ್ದರೆ ಒತ್ತಡದ ದುಷ್ಪರಿಣಾಮ ಗಣನೀಯವಾಗಿ ತಗ್ಗುತ್ತದೆ ಎಂಬುದು ಇಂದು ಮಕ್ಕಳ ತಜ್ಞರೆಲ್ಲರೂ ಒಪ್ಪುವ ಸಂಗತಿ. ಕೆಲವು ಹೋಟೆಲು ಮಾಲಿಕರೂ ಅಂಥ ಹಿರಿಯರಾಗಿದ್ದರು. ಹುಡುಗರನ್ನು ತಾವೇ ಶಾಲೆಗೆ ಕಳುಹಿಸಿದ ಮಾಲಿಕರ ನೆನಪನ್ನು ಹಳಬರು ಇಂದಿಗೂ ಕೃತಜ್ಞತೆಯಿಂದ ತೆಗೆಯುತ್ತಾರೆ. ಆದರೆ ಹಗಲಿಡೀ ದುಡಿದ ಮಗು ರಾತ್ರಿ ಓದಬೇಕಾಗಿ ಬಂದದ್ದು ಆದರ್ಶವಲ್ಲ, ನಿರ್ವಾಹವಿಲ್ಲದ ಏರ್ಪಾಡು. ಕಲಿತದ್ದು ನೆನಪಾಗಿ ನಿಲ್ಲುವುದು ನಿದ್ದೆಯಲ್ಲಿ. ಆ ನಿದ್ದೆಯೇ ಅವರಿಗೆ ಕಡಿಮೆಯಿತ್ತು.

ಭಾಷೆಯ ಸಂಗತಿ ಇನ್ನಷ್ಟು ಸ್ವಾರಸ್ಯದ್ದು. ಮನೆಯಲ್ಲಿ ತುಳುವೋ ಕೊಂಕಣಿಯೋ ಕುಂದಾಪುರದ ಕನ್ನಡವೋ; ಶಾಲೆಯಲ್ಲಿ ಪುಸ್ತಕದ ಕನ್ನಡ; ಗಿರಾಕಿಗಳೊಂದಿಗೆ ಹಿಂದಿ; ನೆರೆಯವರೊಂದಿಗೆ ಮರಾಠಿ. ಹೋಟೆಲಿನ ಹುಡುಗ ಒಂದೇ ಗಂಟೆಯಲ್ಲಿ ಈ ನಾಲ್ಕರ ನಡುವೆ ಹತ್ತಾರು ಸಲ ಜಿಗಿಯುತ್ತಿದ್ದ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಮರೆವಿನ ಕಾಯಿಲೆಯ 648 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ಅಂತರ ಇತ್ತು. ಬೇರೆಡೆಗಳಲ್ಲಿ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಮಾಡಿದ ಕೆಲವು ಅಧ್ಯಯನಗಳು ಇದನ್ನು ಸಮರ್ಥಿಸಿಲ್ಲವಾದುದರಿಂದ ಈ ಚರ್ಚೆ ಮುಗಿದಿಲ್ಲ. ಆದರೂ ಮೊಮ್ಮಕ್ಕಳೊಡನೆ ಊರಿನ ಭಾಷೆಯಲ್ಲಿ ಮಾತನಾಡುವುದನ್ನು ನಿಲ್ಲಿಸಲು ಯಾವ ಕಾರಣವೂ ಇಲ್ಲ.

ಮುಪ್ಪಿನಲ್ಲಿಯೂ ಮಿದುಳು ಕಲ್ಲಾಗಿರುವುದಿಲ್ಲ. ವಯಸ್ಸಾದಂತೆ ಹಿಪ್ಪೊಕ್ಯಾಂಪಸ್ ವರ್ಷಕ್ಕೆ ಶೇಕಡಾ ಒಂದೆರಡರಷ್ಟು ಕುಗ್ಗುತ್ತದೆ. ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆಸಿದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷ ಕ್ರಮವಾಗಿ ಬಿರುಸು ನಡಿಗೆ ಮಾಡಿದವರಲ್ಲಿ ಅದು ಕುಗ್ಗುವ ಬದಲು ಸುಮಾರು ಶೇಕಡಾ ಎರಡರಷ್ಟು ಹಿಗ್ಗಿತ್ತು. ಥಾಣೆಯ ತಲಾವಪಾಳಿಯ ಸುತ್ತ ಬೆಳಿಗ್ಗೆ ನಡೆಯುವ ಹಿರಿಯರು ತಿಳಿದೋ ತಿಳಿಯದೆಯೋ ಇದನ್ನೇ ಮಾಡುತ್ತಿದ್ದಾರೆ. ಜಗತ್ತಿನ ಮರೆವಿನ ಕಾಯಿಲೆಯಲ್ಲಿ ಸುಮಾರು ಶೇಕಡಾ 45ರಷ್ಟನ್ನು, ಬದಲಾಯಿಸಬಹುದಾದ ಹದಿನಾಲ್ಕು ಕಾರಣಗಳನ್ನು ನಿವಾರಿಸುವುದರಿಂದ ತಡೆಯಬಹುದು ಅಥವಾ ಮುಂದೂಡಬಹುದು ಎಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ಅಂದಾಜು ಮಾಡಿದೆ. ಬಾಲ್ಯದ ಶಿಕ್ಷಣದ ಕೊರತೆ ಆ ಪಟ್ಟಿಯಲ್ಲಿದೆ. ಕಿವಿ ಕೇಳಿಸದಿರುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಖಿನ್ನತೆ, ಒಂಟಿತನಗಳೂ ಇವೆ. ಮೊದಲನೆಯದನ್ನು ಹಿಂದಕ್ಕೆ ಹೋಗಿ ಸರಿಪಡಿಸಲಾಗದು. ಉಳಿದವು ಇಂದಿಗೂ ಕೈಯಳತೆಯಲ್ಲಿವೆ.

ಈಗಿನ ಮಕ್ಕಳು

ಹೋಟೆಲಿನ ಮೋರಿಯಲ್ಲಿ ಮಕ್ಕಳನ್ನು ದುಡಿಸುವುದು ಇಂದು ಅಪರಾಧ. ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲು, ಢಾಬಾಗಳಲ್ಲೂ ಮನೆಗೆಲಸಕ್ಕೂ ಇಟ್ಟುಕೊಳ್ಳುವುದನ್ನು 10 ಅಕ್ಟೋಬರ್ 2006ರಿಂದ ನಿಷೇಧಿಸಲಾಯಿತು. 2016ರ ತಿದ್ದುಪಡಿಯ ನಂತರ ಈ ನಿಷೇಧ, ಕೆಲವು ವಿನಾಯಿತಿಗಳೊಡನೆ, ಎಲ್ಲ ಉದ್ಯೋಗಗಳಿಗೂ ಅನ್ವಯಿಸುತ್ತದೆ. ಆದರೆ ಬಾಲ್ಯದ ಕಷ್ಟ ಬೇರೆ ರೂಪದಲ್ಲಿ ಉಳಿದಿದೆ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನವಿಮುಂಬಯಿ ಕಟ್ಟಲಾರಂಭಿಸಿದಂದಿನಿಂದ ವಿಜಯಪುರ, ಕಲಬುರಗಿ ಕಡೆಯ ಕುಟುಂಬಗಳು ಅಲ್ಲಿನ ಕಲ್ಲುಕ್ವಾರಿಗಳಿಗೂ ಕಟ್ಟಡದ ಕೆಲಸಕ್ಕೂ ಬರುತ್ತಲೇ ಇವೆ. ಕಟ್ಟಡ ಮುಗಿದರೆ ಬೇರೆ ನಾಕಾ, ಬೇರೆ ಗುಡಿಸಲು. ಮಗುವಿನ ಶಾಲೆ ಅಲ್ಲಿಗೆ ನಿಂತಿತು. ಇಂಥ ಮಕ್ಕಳಿಗಾಗಿ ಕೆಲಸದ ಜಾಗದಲ್ಲೇ ಶಿಶುಗೃಹ ನಡೆಸುವ ಮೊಬೈಲ್ ಕ್ರೆಶಸ್ ಸಂಸ್ಥೆ 1969ರಲ್ಲಿ ದೆಹಲಿಯಲ್ಲಿ ಹುಟ್ಟಿ 1972ರಲ್ಲಿ ಮುಂಬಯಿಗೆ ಬಂತು. ತಾಯಿ ಇಟ್ಟಿಗೆ ಹೊರುವ ಹೊತ್ತಿನಲ್ಲಿ ಮಗುವಿಗೆ ಊಟ, ಆಟ, ಮಾತು ಸಿಗುವುದು ಎಪ್ಪತ್ತು ವರ್ಷದ ನಂತರದ ಮಿದುಳಿಗೆ ಹಾಕುವ ತಳಪಾಯವೆಂದು ಮೇಲಿನ ಅಧ್ಯಯನಗಳನ್ನು ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ. ಮಗುವೊಂದು ದುಡಿಮೆಯಲ್ಲೋ ಹಿಂಸೆಯಲ್ಲೋ ಸಿಲುಕಿರುವುದು ಕಂಡರೆ 1098ಕ್ಕೆ ಕರೆ ಮಾಡಬಹುದು, ಶುಲ್ಕವಿಲ್ಲ.

ಮನೆಯವರು ತಿಳಿದಿರಬೇಕಾದದ್ದು

ಮರೆವು ಮುಂದುವರಿದಂತೆ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಉಳಿಯುತ್ತದೆ. ಆದುದರಿಂದ ಬಾಲ್ಯದಲ್ಲಿ ನೊಂದವರು ಕಾಯಿಲೆಯಲ್ಲಿ ಮತ್ತೆ ಅದೇ ಬಾಲ್ಯಕ್ಕೆ ಹಿಂತಿರುಗುವುದುಂಟು. ಅಜ್ಜ ಬೆಳಗಿನ ನಾಲ್ಕಕ್ಕೆ ಎದ್ದು ಬಾಗಿಲು ತೆಗೆಯಲು ಹೊರಡುತ್ತಾರೆ; ಊಟದ ತಟ್ಟೆಯನ್ನು ತಾವೇ ತೊಳೆಯಲು ಹಟ ಮಾಡುತ್ತಾರೆ; ಹಾಸಿಗೆಯಡಿಯಲ್ಲಿ ರೊಟ್ಟಿ ಅಡಗಿಸಿಡುತ್ತಾರೆ; ಗದರಿದರೆ ಮಗುವಿನಂತೆ ಮೂಲೆ ಸೇರುತ್ತಾರೆ. ಇದು ಹಟವೂ ಅಲ್ಲ, ನಾಟಕವೂ ಅಲ್ಲ. ಅವರು ಆಗ ಇರುವುದು ಡೊಂಬಿವಲಿಯ ಮನೆಯಲ್ಲಲ್ಲ, ಅರುವತ್ತು ವರ್ಷ ಹಿಂದಿನ ಹೋಟೆಲಿನಲ್ಲಿ. ಎದುರು ವಾದಿಸುವುದರಿಂದ ಭಯ ಹೆಚ್ಚುತ್ತದೆ. ‘ಇವತ್ತು ಹೋಟೆಲಿಗೆ ರಜೆ, ಅಜ್ಜ’ ಎಂದು ಮೆಲ್ಲಗೆ ಕೈಹಿಡಿದು ಕೂರಿಸುವುದೇ ಮೇಲು.

ಮರೆವು ಕಂಡಕೂಡಲೇ ಅದು ಆಲ್ಜೈಮರ್ ಎಂದು ತೀರ್ಮಾನಿಸಬಾರದು. ಥೈರಾಯಿಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ಕಿವುಡುತನ, ಕೆಲವು ಔಷಧಗಳು, ಬಿದ್ದು ತಲೆಗೆ ಪೆಟ್ಟಾದುದು ಇವುಗಳಿಂದಲೂ ಮರೆವು ಬರುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯಿದೆ. ಥಾಣೆಯಲ್ಲಿ 1901ರಲ್ಲಿ ಸ್ಥಾಪನೆಯಾದ ಸರಕಾರಿ ಪ್ರಾದೇಶಿಕ ಮನೋರೋಗ ಆಸ್ಪತ್ರೆಯಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತನಾಡಲು ಅವಕಾಶವಿದೆ. ಹಿರಿಯ ನಾಗರಿಕರ ಸಹಾಯವಾಣಿಯ ಸಂಖ್ಯೆ 14567.

ವೈದ್ಯರಲ್ಲಿಗೆ ಹೋಗುವಾಗ ಎರಡು ಸಂಗತಿಗಳನ್ನು ಅರ್ಧ ಪುಟದಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ಮೊದಲನೆಯದು, ಹಿರಿಯರು ಎಷ್ಟನೆಯ ತರಗತಿಯವರೆಗೆ, ಯಾವ ಭಾಷೆಯಲ್ಲಿ ಓದಿದರು ಎಂಬುದು. ನೆನಪಿನ ಪರೀಕ್ಷೆಗಳಲ್ಲಿ ಲೆಕ್ಕ ಮಾಡಿಸುವ, ವಾಕ್ಯ ಬರೆಯಿಸುವ ಪ್ರಶ್ನೆಗಳಿರುತ್ತವೆ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿದ ಪ್ರಶ್ನೆಗೆ ಉತ್ತರ ತಪ್ಪಿದರೆ ಅದು ಮರೆವಲ್ಲ, ಭಾಷೆಯ ತೊಡಕು. ಜೊತೆಗೆ ಹೋದವರು ಪ್ರಶ್ನೆಯನ್ನು ಅವರ ಭಾಷೆಯಲ್ಲಿ ಹೇಳಲು ಅನುಮತಿ ಕೇಳಬೇಕು, ಉತ್ತರವನ್ನು ಮಾತ್ರ ಹೇಳಿಕೊಡಬಾರದು. ಎರಡನೆಯದು ವಯಸ್ಸು. ಅಂದಿನ ಶಾಲೆಗಳಲ್ಲಿ ಹುಟ್ಟಿದ ದಿನ ತಿಳಿಯದ ಮಕ್ಕಳಿಗೆಲ್ಲ ಮಾಸ್ತರರು ಜೂನ್ 1 ಎಂದು ಬರೆಯುತ್ತಿದ್ದ ವಾಡಿಕೆಯಿತ್ತು. ಆಧಾರ್ ಕಾರ್ಡಿನಲ್ಲಿರುವುದೂ ಅದೇ ತಾರೀಕು. ನಿಜವಾದ ವಯಸ್ಸು ಅದಕ್ಕಿಂತ ಎರಡು ಮೂರು ವರ್ಷ ಹೆಚ್ಚಿದ್ದರೆ ವೈದ್ಯರಿಗೆ ತಿಳಿಸಬೇಕು. ಮಿದುಳಿನ ಚಿತ್ರದಲ್ಲಿ ಕಂಡ ಸವೆತ ಸಹಜವೋ ಅಲ್ಲವೋ ಎಂದು ನಿರ್ಧರಿಸುವಾಗ ಅವರು ಮೊದಲು ನೋಡುವುದು ವಯಸ್ಸನ್ನೇ.